ರಟ್ಟಿನ ಶಿರಸ್ತ್ರಾಣಕ್ಕೆ ತುಕ್ಕು ಹಿಡಿಸುವ ಬಗೆ

ಶಾಂತಕವಿಗಳು 1870ರ ದಶಕದಲ್ಲಿ ಗದುಗಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿದಂದಿನಿಂದ ಶಿರಹಟ್ಟಿ ವೆಂಕೋಬರಾಯರ ಮಂಡಳಿ, 'ಎಚ್ಚಮನಾಯಕ'ದಿಂದ ಹೆಸರಾದ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಇವುಗಳವರೆಗೆ ಈ ಸೀಮೆಯ ರಂಗಭೂಮಿಯನ್ನು ಏರಿಳಿದ ರಾಜರಿಗೂ ದಳವಾಯಿಗಳಿಗೂ ಲೆಕ್ಕವಿಲ್ಲ. ದೊಡ್ಡಾಟದ ಕಿರೀಟದ ಮಾತು ಬೇರೆ; ಬೇಗಡೆ, ಕನ್ನಡಿ ಚೂರುಗಳಿಂದ ಝಗಝಗಿಸುವುದೇ ಅದರ ಧರ್ಮವಾದುದರಿಂದ ಅದಕ್ಕೆ ತುಕ್ಕು ಬಳಿಯಹೊರಟವನು ಅರಸಿಕನೇ ಸರಿ. ಆದರೆ ಐತಿಹಾಸಿಕ ನಾಟಕದಲ್ಲಿ, ಹಗಲೆಲ್ಲ ಕಾದಾಡಿ ಬಂದ ದಳವಾಯಿಯ ತಲೆಯ ಮೇಲೆ ಬೆಳ್ಳಿಬಣ್ಣದ ರಟ್ಟು ಮಿರಮಿರನೆ ಮಿಂಚಿದರೆ, ಕಟ್ಟಕಡೆಯ ಸಾಲಿನ ಪ್ರೇಕ್ಷಕನೂ ಆ ಯುದ್ಧವನ್ನು ನಂಬಲಾರನು.

ಹಳತನ್ನು ಚಿತ್ರಿಸಬಯಸುವವನು ಕಬ್ಬಿಣವು ಹಳತಾಗುವ ಕ್ರಮವನ್ನು ಮೊದಲು ಅರಿಯತಕ್ಕದ್ದು. ನೀರು, ಆಮ್ಲಜನಕ ಎರಡೂ ಕೂಡಿದಲ್ಲದೆ ತುಕ್ಕು ಹಿಡಿಯದು. ಉಪ್ಪುಳ್ಳ ಬೆವರು ಆ ಕ್ರಿಯೆಯನ್ನು ತ್ವರೆಗೊಳಿಸುವುದು. ತೇವವು ನಿಲ್ಲುವ ಮೊಳೆಗಳ ಸುತ್ತು, ಪಟ್ಟಿಗಳ ಸಂದು ಇವುಗಳಲ್ಲಿ ಅದು ಮೊದಲು ತಲೆದೋರಿ, ಮಳೆನೀರಿನೊಡನೆ ಗೆರೆಗೆರೆಯಾಗಿ ಕೆಳಕ್ಕೆ ಇಳಿಯುವುದು. ತಾನು ಹುಟ್ಟಿದ ಲೋಹಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುವುದರಿಂದ ಉಬ್ಬಿ ಹಕ್ಕಳೆ ಹಕ್ಕಳೆಯಾಗಿ ಏಳುವುದು. ಹೊಸ ತುಕ್ಕಿಗೆ ಕಿತ್ತಳೆಯ ಛಾಯೆ, ಹಳೆಯದಕ್ಕೆ ಕಪ್ಪುಗಂದು.

ಬಣ್ಣಕ್ಕಾಗಿ ದೂರ ಅಲೆಯಬೇಕಾದುದಿಲ್ಲ. ಶಿರಹಟ್ಟಿ, ಮುಂಡರಗಿಗಳ ಕಡೆ ಹಬ್ಬಿದ ಕಪ್ಪತಗುಡ್ಡದ ಶಿಲೆಗಳಲ್ಲಿ ಕಬ್ಬಿಣದ ಅದಿರು ಅಡಗಿದೆ. ಅಲ್ಲಿನ ಕೆಮ್ಮಣ್ಣಿಗೂ ಕಿರಾಣಿ ಅಂಗಡಿಯ ಕಾವಿಗೂ ಕೆಂಪನ್ನಿತ್ತುದು ಕಬ್ಬಿಣದ ಆಕ್ಸೈಡೇ, ಅಂದರೆ ತುಕ್ಕಿನ ದಾಯಾದಿಯೇ. ಕಾವಿಯನ್ನೂ ದೀಪದ ಮಸಿಯನ್ನೂ ಅಗಸೆ ಎಣ್ಣೆಯಲ್ಲಿ ಕಲಸಿ ರಟ್ಟಿಗೆ ಬಳಿದು, ಪೂರ್ಣವಾಗಿ ಒಣಗಿದ ಮೇಲೆ ನೀರು ಸವರಿ, ತುಕ್ಕು ಇರಬೇಕಾದ ಕಡೆಗಳಲ್ಲಿ ಮಾತ್ರ ಹರಳುಪ್ಪನ್ನು ಉದುರಿಸಿ, ಅದರ ಮೇಲೆ ಬೆಳ್ಳಿಬಣ್ಣವನ್ನು ಸಿಂಪಡಿಸಬೇಕು. ಬಣ್ಣ ಆರಿದ ತರುವಾಯ ಉಪ್ಪನ್ನು ಒರಸಿ ಕಳೆದರೆ, ಹರಳಿದ್ದಲ್ಲೆಲ್ಲ ಒಳಗಿನ ಕಾವಿಯು ಅಂಕುಡೊಂಕಾಗಿ ಇಣುಕುವುದು. ಕುಂಚಕ್ಕೆ ಈ ಕೆಲಸವನ್ನು ಒಪ್ಪಿಸಬಾರದು. ಮನುಷ್ಯನ ಕೈ ತನಗರಿಯದಂತೆಯೇ ಚುಕ್ಕೆಗಳನ್ನು ಸಮಾಂತರದಲ್ಲಿ ಇರಿಸಿ ರಂಗೋಲಿಯನ್ನು ಮಾಡಿಬಿಡುವುದು.

ಕತ್ತಿಯ ಏಟುಗಳಿಗೂ ನಿಯಮವುಂಟು. ಬಲಗೈಯ ವೈರಿಯು ಎದುರು ನಿಂತು ಬೀಸಿದ ಕತ್ತಿಯು ಹೆಚ್ಚಾಗಿ ನೆತ್ತಿಗೆ, ಇಲ್ಲವೆ ಎಡಪಕ್ಕಕ್ಕೆ ತಾಗುವುದು. ಆ ಗಾಯದ ತಳವು ಹೊಳೆಯಬೇಕು; ಇಂದು ಬಿದ್ದ ಏಟಿಗೆ ತುಕ್ಕು ಹಿಡಿಯಲು ಸಮಯವೆಲ್ಲಿ?

ಎಲ್ಲಕ್ಕಿಂತ ಕಠಿಣವಾದುದು ತಗ್ಗು. ಬೆಳಕು ಮೇಲಿನಿಂದ ಬೀಳುವಾಗ ತಗ್ಗಿನ ಮೇಲಂಚು ನೆರಳಾಗಿ ಕೆಳಅಂಚು ಬೆಳಗುವುದರಿಂದ, ಸಪಾಟಾದ ರಟ್ಟಿನ ಮೇಲೂ ಮೇಲ್ಗಡೆ ಮಸಿಯನ್ನೂ ಕೆಳಗಡೆ ಬಿಳುಪನ್ನೂ ತೀಡಿದರೆ ಕಣ್ಣು ಮೋಸಹೋಗುವುದು. ಆದರೆ ರಂಗದ ಅಂಚಿನ ದೀಪಗಳು ನೆಲಮಟ್ಟದಿಂದ ಬೆಳಗುವುವಾದರೆ ಈ ಕ್ರಮವು ತಲೆಕೆಳಗಾಗಿ, ತಗ್ಗೆಂದು ಬರೆದುದು ಬುಗುಟಾಗಿ ಕಾಣಬಹುದು. ಆದಕಾರಣ ಚಿತ್ರಕಾರನು ಮಸಿಯನ್ನು ಅದ್ದುವ ಮುನ್ನ ದೀಪದವನನ್ನು ವಿಚಾರಿಸುವುದು ಲೇಸು.