ಮಕ್ಕಳ ಪುಸ್ತಕ ಮತ್ತು ನಮ್ಮ ಅನುಭವ

ಮಕ್ಕಳಿಗಾಗಿ ಏನಾದರೂ ಬರೆಯಬೇಕೆಂಬ ಆಸೆ ನಮ್ಮಲ್ಲಿ ಅನೇಕರಿಗೆ ಒಂದಲ್ಲ ಒಂದು ದಿನ ಹುಟ್ಟುತ್ತದೆ. ಮೊಮ್ಮಗನಿಗೆ ಕಥೆ ಹೇಳಿ ಮಲಗಿಸಿದ ಅಜ್ಜಿಗೆ ಹುಟ್ಟುತ್ತದೆ. ನನ್ನಂಥ ಉಪಾಧ್ಯಾಯನಿಗಂತೂ ವರ್ಷಕ್ಕೊಮ್ಮೆಯಾದರೂ ಹುಟ್ಟುತ್ತದೆ. ಕಾಗದವನ್ನು ಮುಂದಿಟ್ಟುಕೊಂಡೊಡನೆ ನಾವು ಒಬ್ಬ ರಾಜನನ್ನೋ ಒಂದು ನರಿಯನ್ನೋ ಕರೆತರುತ್ತೇವೆ. ಕೊನೆಗೆ ಒಂದು ನೀತಿಯನ್ನು ಅಂಟಿಸುತ್ತೇವೆ. ರಾಜನಲ್ಲಿ ದೋಷವಿಲ್ಲ, ನರಿಯಲ್ಲಿಯೂ ದೋಷವಿಲ್ಲ. ವಿಷ್ಣುಶರ್ಮನ ಕೈಯಲ್ಲಿ ಅವು ಇಂದಿಗೂ ಬದುಕಿವೆ. ಆದರೆ ನಾವು ಕಾಣದ ನರಿಗಿಂತ ನಮ್ಮ ಹಿತ್ತಿಲಲ್ಲಿ ಹಾಲು ಕದ್ದ ಬೆಕ್ಕೇ ಮೇಲು.

ಸ್ವಂತ ಅನುಭವದಿಂದ ಬರೆಯಿರಿ ಎಂದು ಹೇಳುವುದು ಸುಲಭ. ಅನುಭವವೆಂದರೇನು ಎಂಬುದನ್ನು ಮೊದಲು ತಿಳಿಯಬೇಕು. ನಡೆದ ಸಂಗತಿ ಬೇರೆ, ಅನುಭವ ಬೇರೆ. “ನಾನು ಚಿಕ್ಕವನಾಗಿದ್ದಾಗ ಶಾಲೆಗೆ ದೂರ ನಡೆದುಹೋಗುತ್ತಿದ್ದೆ” ಎಂಬುದು ಸಂಗತಿ. ಮಗುವಿನ ಕಿವಿಗೆ ಅದು ಬುದ್ಧಿವಾದದಂತೆಯೇ ಕೇಳಿಸುತ್ತದೆ. ಆ ದಾರಿಯಲ್ಲಿ ಯಾವ ಮನೆಯ ನಾಯಿಗೆ ಹೆದರಿ ಬೇಲಿಯ ಮಗ್ಗುಲಿಗೆ ಸರಿಯುತ್ತಿದ್ದೆವು, ಮಳೆ ಬಂದಾಗ ಪುಸ್ತಕವನ್ನು ಅಂಗಿಯೊಳಗೆ ಹೇಗೆ ಅಡಗಿಸುತ್ತಿದ್ದೆವು, ಇದು ಅನುಭವ. ಒಂದನ್ನು ದೊಡ್ಡವನು ನೆನೆದು ಹೇಳುತ್ತಾನೆ. ಇನ್ನೊಂದನ್ನು ಅವನೊಳಗಿನ ಹುಡುಗ ಕಂಡು ಹೇಳುತ್ತಾನೆ.

ಇದಕ್ಕೆ ಒಳ್ಳೆಯ ನಿದರ್ಶನವೊಂದು ಜಪಾನಿನಿಂದ ಬಂದಿದೆ. ಕನ್ನಡಕ್ಕೂ ಅನುವಾದವಾಗಿರುವ ‘ತೊತ್ತೋಚಾನ್’ ಪುಸ್ತಕವನ್ನು ನಿಮ್ಮಲ್ಲಿ ಕೆಲವರಾದರೂ ಓದಿರಬಹುದು. ಬರೆದವರು ತೆತ್ಸುಕೊ ಕುರೊಯಾನಗಿ ಎಂಬ ನಟಿ. ಅದು ಪುಸ್ತಕವಾಗಿ ಪ್ರಕಟವಾದದ್ದು 1981ರಲ್ಲಿ. ಅದರಲ್ಲಿ ಬರುವ ಹುಡುಗಿ ಆಕೆಯೇ. ತರಗತಿಯಲ್ಲಿ ಮೇಜಿನ ಮುಚ್ಚಳವನ್ನು ಮತ್ತೆ ಮತ್ತೆ ತೆಗೆದು ಹಾಕುತ್ತ, ಕಿಟಕಿಯ ಬಳಿ ನಿಂತು ಬೀದಿಯ ವಾದ್ಯದವರನ್ನು ಕರೆಯುತ್ತಿದ್ದ ಆಕೆಯನ್ನು ಮೊದಲನೆಯ ತರಗತಿಯಲ್ಲಿಯೇ ಶಾಲೆಯಿಂದ ಹೊರಗೆ ಕಳುಹಿಸುತ್ತಾರೆ. ಮುಂದೆ ಸೇರಿದ ಶಾಲೆಯಲ್ಲಿ ರೈಲುಗಾಡಿಗಳೇ ಪಾಠದ ಕೋಣೆಗಳು. ಅಲ್ಲಿನ ಮುಖ್ಯೋಪಾಧ್ಯಾಯ ಸೊಸಾಕು ಕೊಬಾಯಾಶಿಯವರು ಮೊದಲ ದಿನವೇ ಆಕೆಯನ್ನು ಎದುರಿಗೆ ಕೂರಿಸಿಕೊಂಡು ನಾಲ್ಕು ಗಂಟೆಗಳ ಕಾಲ ಅವಳ ಮಾತನ್ನು ಕೇಳಿದರು.

ತನ್ನನ್ನು ಶಾಲೆಯಿಂದ ಹೊರಹಾಕಿದ್ದರೆಂಬುದು ಆಕೆಗೆ ತಿಳಿದದ್ದು ಇಪ್ಪತ್ತು ವರ್ಷ ದಾಟಿದ ಮೇಲೆ. ತಾಯಿ ಅಲ್ಲಿಯವರೆಗೆ ಹೇಳಿರಲಿಲ್ಲ. ಬರೆಯುವಾಗ ಕುರೊಯಾನಗಿಯವರಿಗೆ ಎಲ್ಲವೂ ಗೊತ್ತು. ಓದುವ ನಮಗೂ ಗೊತ್ತು. ಆ ಹುಡುಗಿಗೆ ಮಾತ್ರ ಗೊತ್ತಿಲ್ಲ. ಅವಳು ರೈಲುಗಾಡಿಯನ್ನು ಕಂಡು ಕುಣಿಯುತ್ತಾಳೆ. ದೊಡ್ಡವರ ತಿಳಿವಳಿಕೆಯನ್ನು ಮಗುವಿನ ತಲೆಯ ಮೇಲೆ ಹೇರದೆ ಬರೆಯುವುದೆಂದರೆ ಇದು. ಆ ಶಾಲೆ 1945ರಲ್ಲಿ ವಿಮಾನದಾಳಿಯಲ್ಲಿ ಸುಟ್ಟುಹೋಯಿತು; ಪುಸ್ತಕದಲ್ಲಿ ಉಳಿಯಿತು.

ಇನ್ನು ನನ್ನದೊಂದು ಸಂಗತಿ. ಕೆಲವು ವರ್ಷಗಳ ಹಿಂದೆ ನಾನೊಂದು ಮಕ್ಕಳ ಕಥೆ ಬರೆದೆ. ನಾಲ್ಕನೆಯ ತರಗತಿಯಲ್ಲಿದ್ದಾಗ ಕುಡಿಯುವ ನೀರಿನ ಮಡಕೆಯನ್ನು ಆಡುತ್ತಾ ಆಡುತ್ತಾ ಒಡೆದವನು ನಾನು. ಏಟು ತಿಂದವನು ಮಡಕೆಯ ಬಳಿ ಕುಳಿತಿದ್ದ ಇನ್ನೊಬ್ಬ ಹುಡುಗ. ಅವನು ನನ್ನ ಕಡೆ ಒಮ್ಮೆ ನೋಡಿದ, ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಆದರೆ ಕಥೆಯಲ್ಲಿ ಹುಡುಗ ಎದ್ದು ನಿಂತು ತಪ್ಪೊಪ್ಪಿಕೊಂಡ. ಮೇಷ್ಟರು ಬೆನ್ನು ತಟ್ಟಿದರು. ನೀತಿ ಚೆನ್ನಾಗಿಯೇ ಕೂಡಿಬಂದಿತ್ತು.

ತರಗತಿಯಲ್ಲಿ ಅದನ್ನು ಓದಿದೆ. ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: “ಸಾರ್, ಮಡಕೆ ಒಡೆದದ್ದು ನೀವೇನಾ?” ಹೌದೆಂದೆ. “ಆವಾಗ ನಿಜವಾಗಿ ಎದ್ದು ನಿಂತ್ರಾ ಸಾರ್?” ಐವತ್ತು ಮಕ್ಕಳ ಎದುರಿಗೆ ನಿಂತಿದ್ದೆ. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. “ಇಲ್ಲಮ್ಮ” ಎಂದೆ. ಯಾರೂ ನಗಲಿಲ್ಲ. ಹಿಂದಿನ ಬೆಂಚಿನಿಂದ ಇನ್ನೊಬ್ಬ ಕೇಳಿದ: “ಆಮೇಲೆ ಅವನು ನಿಮ್ಮ ಜೊತೆ ಆಡಿದನಾ ಸಾರ್?”

ಆಡಿದ್ದ. ಮಾರನೆಯ ದಿನವೇ ಬಂದು ಆಡಿದ್ದ. ನನ್ನ ಮನಸ್ಸಿನಲ್ಲಿ ಇಷ್ಟು ವರ್ಷ ಚುಚ್ಚುತ್ತಿದ್ದುದು ಅವನು ತಿಂದ ಏಟಲ್ಲ, ಆ ಆಟ. ಕಥೆ ಇದ್ದದ್ದು ಅಲ್ಲಿ. ಅದನ್ನು ಬಿಟ್ಟು ನಾನು ಬೆನ್ನು ತಟ್ಟಿಸಿಕೊಳ್ಳಲು ಹೋಗಿದ್ದೆ. ಮನೆಗೆ ಬಂದು ಕೊನೆಯನ್ನು ಹರಿದು ಹಾಕಿ ಮತ್ತೆ ಬರೆದೆ. ಈಗ ಅದರಲ್ಲಿ ನೀತಿವಾಕ್ಯವಿಲ್ಲ. ಇಬ್ಬರು ಹುಡುಗರು ಗೋಲಿ ಆಡುತ್ತಾರೆ, ಒಬ್ಬನಿಗೆ ಗುರಿ ತಪ್ಪುತ್ತಲೇ ಇರುತ್ತದೆ.

ಹಾಗಾದರೆ ನಡೆದದ್ದನ್ನೆಲ್ಲ ನಡೆದಂತೆಯೇ ಬರೆಯಬೇಕೆ? ಬೇಡ. ಹೆಸರು ಬದಲಾಯಿಸಿ, ಊರು ಬದಲಾಯಿಸಿ, ಎರಡು ದಿನಗಳ ಮಾತನ್ನು ಒಂದು ದಿನಕ್ಕೆ ತನ್ನಿ. ಇನ್ನೊಬ್ಬರ ಮಾನ ಕಾಯುವುದಕ್ಕೆ ಇದು ಅವಶ್ಯವೂ ಹೌದು. ಆದರೆ ಅಂದಿನ ಭಯವನ್ನು ಧೈರ್ಯವೆಂದೂ, ಅಂದಿನ ಹೊಟ್ಟೆಕಿಚ್ಚನ್ನು ಸ್ನೇಹವೆಂದೂ ಬದಲಾಯಿಸಬೇಡಿ. ಮಕ್ಕಳು ಕಲ್ಪನೆಯನ್ನು ಸಂತೋಷದಿಂದ ಒಪ್ಪುತ್ತಾರೆ. ಆನೆ ಹಾರಿತೆಂದರೂ ಒಪ್ಪುತ್ತಾರೆ. ನಾವು ನಮ್ಮನ್ನು ಒಳ್ಳೆಯವರನ್ನಾಗಿ ಮಾಡಿಕೊಂಡರೆ ಮಾತ್ರ ಕೂಡಲೇ ಕಂಡುಹಿಡಿಯುತ್ತಾರೆ.

ಬರೆದ ಮೇಲೆ ಅಚ್ಚಿಗೆ ಕೊಡುವ ಮೊದಲು ನಾಲ್ಕು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿ. ಎಲ್ಲಿ ಅವರು ಕಾಲು ಅಲ್ಲಾಡಿಸುತ್ತಾರೋ ಅಲ್ಲಿ ನಾವು ಉಪದೇಶ ಮಾಡುತ್ತಿದ್ದೇವೆ. ಎಲ್ಲಿ “ಆಮೇಲೆ?” ಎನ್ನುತ್ತಾರೋ ಅಲ್ಲಿ ಕಥೆಯಿದೆ. ಸಂಜೆ ರೇಡಿಯೋ ನಿಲ್ಲಿಸಿದ ಮೇಲೆ ಒಂದು ಗಳಿಗೆ ನಿಮ್ಮ ಮಕ್ಕಳ ಜೊತೆ ಕುಳಿತುಕೊಳ್ಳಿ. ನೀವು ಇದುವರೆಗೆ ಯಾರಿಗೂ ಹೇಳದ ಒಂದು ಮಡಕೆಯ ಕಥೆ ನಿಮ್ಮಲ್ಲಿಯೂ ಇದ್ದೀತು.