ಕಪಾಟಿನಿಂದ ಜಾಲಕ್ಕೆ: ಗ್ರಂಥಪಾಲಕರು ಕಲಿತ ಹೊಸ ಪಾಠ

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎನ್ನುವುದು ಹಿರಿಯರ ಮಾತು. ಇಂದಿನ ವಿದ್ಯಾರ್ಥಿಗೆ ಇವೆರಡೂ ಅಂಗೈಯಲ್ಲೇ ಸಿಕ್ಕಂತೆ ತೋರುತ್ತದೆ. ಮೊಬೈಲಿನಲ್ಲಿ ಪ್ರಶ್ನೆ ಬರೆದರೆ ಸಾಕು, ಕ್ಷಣಾರ್ಧದಲ್ಲಿ ಉತ್ತರ ಸಿದ್ಧ. ಹೀಗಿರುವಾಗ ಗ್ರಂಥಾಲಯಕ್ಕೆ ಹೋಗುವುದೇಕೆ? ಅಲ್ಲಿರುವ ಗ್ರಂಥಪಾಲಕರಿಗೆ ಇನ್ನೇನು ಕೆಲಸ? ಈ ಪ್ರಶ್ನೆ ಮಕ್ಕಳನ್ನು, ಪಾಲಕರನ್ನು ಮಾತ್ರವಲ್ಲ, ಸ್ವತಃ ಗ್ರಂಥಪಾಲಕರನ್ನೂ ಕಾಡಿದೆ. ಅವರಲ್ಲಿ ಕೆಲವರು ಜಾಲವನ್ನು ದೂರುತ್ತ ಕೂರದೆ, ಅದರೊಳಗೇ ಇಳಿದು ಉತ್ತರ ಹುಡುಕಿದರು.

ಆಡುತ್ತಲೇ ಕಲಿತರು

2006ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಷಾರ್ಲಟ್ ನಗರದ ಸಾರ್ವಜನಿಕ ಗ್ರಂಥಾಲಯವು ತನ್ನ ಸಿಬ್ಬಂದಿಗಾಗಿ ವಿಶಿಷ್ಟ ಕಾರ್ಯಕ್ರಮವೊಂದನ್ನು ಹಮ್ಮಿಕೊಂಡಿತು. ಅದನ್ನು ರೂಪಿಸಿದವರು ಅಲ್ಲಿನ ತಂತ್ರಜ್ಞಾನ ವಿಭಾಗದ ಹೊಣೆ ಹೊತ್ತಿದ್ದ ಹೆಲೆನ್ ಬ್ಲೋವರ್ಸ್. ಉಪನ್ಯಾಸವಿಲ್ಲ, ತರಗತಿಯಿಲ್ಲ. ಬ್ಲಾಗ್ ಆರಂಭಿಸುವುದು, ಚಿತ್ರಗಳನ್ನು ಜಾಲಕ್ಕೆ ಏರಿಸುವುದು, ವಿಕಿ ಪುಟದಲ್ಲಿ ಬರೆಯುವುದು, ವಿಡಿಯೊ ಹುಡುಕುವುದು ಮುಂತಾದ 23 ಪುಟ್ಟ ಕೆಲಸಗಳ ಒಂದು ಪಟ್ಟಿ ಮಾತ್ರ. ಅವನ್ನು ಪ್ರತಿಯೊಬ್ಬರೂ ತಮ್ಮ ಬಿಡುವಿನಲ್ಲಿ ತಾವೇ ಮಾಡಿ ನೋಡಿ, ಅನುಭವವನ್ನು ಬರೆದಿಡಬೇಕು. ಎಲ್ಲವನ್ನೂ ಮುಗಿಸಿದವರಿಗೆ ಹಾಡು ಕೇಳುವ ಎಂಪಿ3 ಯಂತ್ರದ ಬಹುಮಾನವೂ ಇತ್ತು!

ಈ ಪಟ್ಟಿಯನ್ನು ಯಾರು ಬೇಕಾದರೂ ಬಳಸಬಹುದೆಂದು ಷಾರ್ಲಟ್ ಗ್ರಂಥಾಲಯ ಮುಕ್ತವಾಗಿ ಬಿಟ್ಟುಕೊಟ್ಟಿತು. ಆಸ್ಟ್ರೇಲಿಯ ಸೇರಿದಂತೆ ಹಲವು ದೇಶಗಳ ಗ್ರಂಥಾಲಯಗಳು ಅದನ್ನು ತಮಗೆ ತಕ್ಕಂತೆ ತಿದ್ದಿಕೊಂಡು ಬಳಸಿದವು. ಓದುಗರಿಗೆ ದಾರಿ ತೋರುವವರು ಮೊದಲು ತಾವೇ ಆ ದಾರಿಯಲ್ಲಿ ನಡೆದಿರಬೇಕು ಎಂಬುದು ಇದರ ಹಿಂದಿನ ಸರಳ ವಿಚಾರ.

ಓದುಗರೇ ನೆರವಾದಾಗ

ಎರಡನೆಯ ಪ್ರಯೋಗ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನದು. ಜಗತ್ತಿನ ಅತಿ ದೊಡ್ಡ ಗ್ರಂಥಾಲಯಗಳಲ್ಲಿ ಒಂದಾದ ಇದು 2008ರ ಜನವರಿಯಲ್ಲಿ ಸುಮಾರು 3,100 ಹಳೆಯ ಛಾಯಾಚಿತ್ರಗಳನ್ನು ‘ಫ್ಲಿಕರ್’ ಎಂಬ ಚಿತ್ರಜಾಲದಲ್ಲಿ ಪ್ರಕಟಿಸಿತು. ಇಪ್ಪತ್ತನೆಯ ಶತಮಾನದ ಆರಂಭದ ಸುದ್ದಿಚಿತ್ರಗಳು ಅವುಗಳಲ್ಲಿದ್ದವು. ಗಾಜಿನ ಫಲಕಗಳ ಮೇಲೆ ಗೀಚಿದ್ದ ಒಂದೆರಡು ಪದಗಳಷ್ಟೇ ಅವುಗಳ ವಿವರ. ಕೆಲವದರಲ್ಲಿ ಹೆಸರು ಅಪೂರ್ಣ, ಕೆಲವದರಲ್ಲಿ ತಪ್ಪು. ಇವರು ಯಾರು, ಇದು ಯಾವ ಊರು ಎಂದು ಗ್ರಂಥಾಲಯ ಲೋಕವನ್ನೇ ಕೇಳಿತು.

ಲೋಕ ಉತ್ತರಿಸಿತು. ಹಳೆಯ ವೃತ್ತಪತ್ರಿಕೆಗಳನ್ನು ಜಾಲಾಡಿ ದಿನಾಂಕ ಹುಡುಕಿದವರುಂಟು. ಕಟ್ಟಡವನ್ನು ನೋಡಿಯೇ ಬೀದಿಯನ್ನು ಗುರುತಿಸಿದವರುಂಟು. ಅದೇ ವರ್ಷದ ಅಕ್ಟೋಬರ್ ಹೊತ್ತಿಗೆ ಸುಮಾರು 2,500 ಮಂದಿ 67,000ಕ್ಕೂ ಹೆಚ್ಚು ಗುರುತುಪದಗಳನ್ನು ಚಿತ್ರಗಳಿಗೆ ಜೋಡಿಸಿದ್ದರು. ಟಿಪ್ಪಣಿಗಳೇ ಏಳು ಸಾವಿರ ದಾಟಿದ್ದವು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬಂದ ಮಾಹಿತಿಯನ್ನೆಲ್ಲ ಗ್ರಂಥಾಲಯ ಹಾಗೆಯೇ ಒಪ್ಪಿಕೊಳ್ಳಲಿಲ್ಲ. ಸಿಬ್ಬಂದಿ ಅದನ್ನು ಪರಿಶೀಲಿಸಿ, ಆಧಾರ ಸಿಕ್ಕ ಮೇಲೆಯೇ ತಮ್ಮ ಮೂಲ ಸೂಚಿಯನ್ನು ತಿದ್ದಿದರು. ಮೊದಲ ಒಂಬತ್ತು ತಿಂಗಳಲ್ಲಿ ಹೀಗೆ ತಿದ್ದುಪಡಿಯಾದದ್ದು 500ಕ್ಕೂ ಹೆಚ್ಚು ದಾಖಲೆಗಳು. ಆ ದಾಖಲೆಗಳಲ್ಲಿ ಮಾಹಿತಿ ಫ್ಲಿಕರ್ ಯೋಜನೆಯಿಂದ ಬಂದದ್ದು ಎಂಬುದನ್ನೂ ನಮೂದಿಸಿದರು. ಸಾವಿರಾರು ಗುರುತುಪದಗಳೆಲ್ಲಿ, ನೂರಾರು ತಿದ್ದುಪಡಿಗಳೆಲ್ಲಿ! ನಡುವಿನ ಈ ಜರಡಿ ಹಿಡಿಯುವ ಕೆಲಸವೇ ಗ್ರಂಥಪಾಲಕರದು. ಜಾಲ ಹೇಳಿದ್ದೆಲ್ಲ ನಿಜವೆಂದು ನಂಬುವುದೂ ಸಲ್ಲದು, ಸುಳ್ಳೆಂದು ತಳ್ಳಿಹಾಕುವುದೂ ಸಲ್ಲದು.

ಕೂಡಿಟ್ಟರಷ್ಟೇ ಸಾಲದು

ಎಲ್ಲ ಪ್ರಯೋಗಗಳೂ ಹೀಗೆ ಫಲಿಸಲಿಲ್ಲ. 2010ರಲ್ಲಿ ಇದೇ ಗ್ರಂಥಾಲಯ, ಟ್ವಿಟರ್‌ನ ಎಲ್ಲ ಸಾರ್ವಜನಿಕ ಸಂದೇಶಗಳನ್ನು ಮುಂದಿನ ಪೀಳಿಗೆಗಾಗಿ ಕಾದಿಡುವುದಾಗಿ ಪ್ರಕಟಿಸಿತು. 2013ರ ಆರಂಭಕ್ಕೆ ಸಂಗ್ರಹ 17,000 ಕೋಟಿ ಸಂದೇಶಗಳಿಗೆ ಬೆಳೆದಿತ್ತು. ಇಷ್ಟು ದೊಡ್ಡ ರಾಶಿಯಲ್ಲಿ ಬೇಕಾದ್ದನ್ನು ಹುಡುಕಿಕೊಡುವುದೇ ಕಗ್ಗಂಟಾಯಿತು. ಕೊನೆಗೆ 2018ರ ಜನವರಿಯಿಂದ ಆಯ್ದ ಸಂದೇಶಗಳನ್ನು ಮಾತ್ರ ಸಂಗ್ರಹಿಸಲು ತೀರ್ಮಾನಿಸಲಾಯಿತು. ಆ ತೀರ್ಮಾನ ಪ್ರಕಟವಾದಾಗಲೂ ಸಂಗ್ರಹ ಓದುಗರಿಗೆ ತೆರೆದಿರಲಿಲ್ಲ.

ಈ ಮಾತನ್ನು ಬಹಳ ಹಿಂದೆಯೇ ಬೇರೆ ರೀತಿಯಲ್ಲಿ ಹೇಳಿದ ಭಾರತೀಯರೊಬ್ಬರಿದ್ದಾರೆ. ಗಣಿತದ ಅಧ್ಯಾಪಕರಾಗಿದ್ದು, 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕ ಇರುವುದು ಬೀಗ ಹಾಕಿಡಲಿಕ್ಕಲ್ಲ, ಬಳಸಲಿಕ್ಕೆ ಎಂಬುದು ಅವುಗಳಲ್ಲಿ ಮೊದಲನೆಯದರ ಸಾರ. ಓದುಗರ ಸಮಯ ಉಳಿಸಬೇಕು, ಗ್ರಂಥಾಲಯ ಜೀವಿಯಂತೆ ಬೆಳೆಯುತ್ತಿರಬೇಕು ಎಂಬ ಆಶಯಗಳೂ ಅಲ್ಲಿವೆ. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅವರು ಇಲ್ಲಿ ಸ್ಥಾಪಿಸಿದ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರದಲ್ಲಿ ಗ್ರಂಥಾಲಯ ವಿಜ್ಞಾನದ ತಲೆಮಾರುಗಳೇ ತಯಾರಾಗಿವೆ.

ನಮ್ಮ ನಾಡಿನಲ್ಲಿ

ಕರ್ನಾಟಕದಲ್ಲೂ ಹೆಜ್ಜೆಗಳು ಮೂಡಿವೆ. ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರಲ್ಲಿ ಡಿಜಿಟಲ್ ಗ್ರಂಥಾಲಯವನ್ನು ಆರಂಭಿಸಿತು. ಕೊರೊನಾದಿಂದ ಶಾಲೆಗಳು ಮುಚ್ಚಿದ್ದ ಆ ವರ್ಷದ ನವೆಂಬರ್‌ನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದ ಮೂಲಕ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಲಾಯಿತು. ಒಂದು ಜಾಲದ ದಾರಿ, ಇನ್ನೊಂದು ಕಪಾಟಿನ ದಾರಿ. ಮನೆಯಲ್ಲಿ ಒಂದೇ ಮೊಬೈಲ್ ಇರುವ, ಅದೂ ಅಪ್ಪನ ಜೇಬಿನಲ್ಲಿ ಹೊಲಕ್ಕೆ ಹೋಗುವ ಮನೆಯ ಮಗುವಿಗೆ ಎರಡನೆಯ ದಾರಿ ಮುಚ್ಚಬಾರದು. ಹೊಸ ತಂತ್ರಜ್ಞಾನದ ಉತ್ಸಾಹದಲ್ಲಿ ಇದನ್ನು ಮರೆಯುವ ಅಪಾಯ ಇದ್ದೇ ಇದೆ.

ವಿದ್ಯಾರ್ಥಿಗಳು ಏನು ಮಾಡಬಹುದು?

ಪ್ರಬಂಧಕ್ಕೋ ಪ್ರಾಜೆಕ್ಟಿಗೋ ಜಾಲದಿಂದ ಮಾಹಿತಿ ಪಡೆದಾಗ ಮೂರು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಇದನ್ನು ಬರೆದವರು ಯಾರು? ಯಾವಾಗ ಬರೆದದ್ದು? ಬೇರೊಂದು ನಂಬಬಹುದಾದ ಕಡೆಯಲ್ಲೂ ಇದೇ ವಿಷಯ ಇದೆಯೇ? ಮೂರಕ್ಕೂ ಉತ್ತರ ಸಿಗದಿದ್ದರೆ ಆ ಮಾಹಿತಿಯನ್ನು ಬದಿಗಿಡಬೇಕು. ಸಿಕ್ಕರೆ ಎಲ್ಲಿಂದ ಪಡೆದದ್ದೆಂದು ಪುಟದ ಕೆಳಗೆ ಬರೆಯಬೇಕು. ಲೈಬ್ರರಿ ಆಫ್ ಕಾಂಗ್ರೆಸ್‌ನ ಸಿಬ್ಬಂದಿ ಮಾಡಿದ್ದೂ ಇದನ್ನೇ.

ಪಾಲಕರು ರಜೆಯ ದಿನ ಮಕ್ಕಳನ್ನು ಹತ್ತಿರದ ಗ್ರಂಥಾಲಯಕ್ಕೆ ಕರೆದೊಯ್ಯಲಿ. ಜಾಲದಲ್ಲಿ ಉತ್ತರ ಸಿಗದ, ಇಲ್ಲವೇ ಹತ್ತು ಬಗೆಯ ಉತ್ತರ ಸಿಕ್ಕಿ ಗೊಂದಲವಾದ ಒಂದು ಪ್ರಶ್ನೆಯನ್ನು ಮಗುವೇ ಗ್ರಂಥಪಾಲಕರ ಮುಂದಿಡಲಿ. ಅವರಿಗೆ ತಕ್ಷಣ ಉತ್ತರ ಗೊತ್ತಿರದೇ ಇರಬಹುದು. ಆದರೆ ಯಾವ ಕಪಾಟಿನಲ್ಲಿ, ಯಾವ ಪುಸ್ತಕದಲ್ಲಿ ಹುಡುಕಬೇಕೆಂಬ ದಾರಿ ಅವರಿಂದ ಸಿಗುತ್ತದೆ. ಹುಡುಕುವುದನ್ನು ಒಮ್ಮೆ ಕಲಿತ ಮಗುವಿಗೆ ಅದು ಮುಂದಿನ ಪರೀಕ್ಷೆಗಷ್ಟೇ ಅಲ್ಲ, ನಂತರದ ಓದಿಗೂ ಉದ್ಯೋಗಕ್ಕೂ ಒದಗಿ ಬರುತ್ತದೆ.