ಒಂದೇ ಕಡಲೂರಿನಲ್ಲಿ ಹದಿನೈದು ದಿನ

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯವರು ಬೇಸಗೆಯ ರಜೆಯಲ್ಲಿ ಕರಾವಳಿಗೆ ಹೋಗುವ ಕ್ರಮ ಸಾಮಾನ್ಯವಾಗಿ ಒಂದೇ: ಎರಡು ದಿನ, ನಾಲ್ಕು ಊರು. ಮರಳಿದವರನ್ನು ವಿಚಾರಿಸಿದರೆ “ಅಬ್ಬಾ, ಏನು ಸೆಕೆ!” ಎನ್ನುತ್ತಾರೆ. ಅದೇ ಜನ ಒಂದೇ ಊರಿನಲ್ಲಿ, ಕಾರವಾರದಲ್ಲಿ ಎನ್ನೋಣ, ಹದಿನೈದು ದಿನ ನೆಲಸಿದ್ದರೆ ಬೇರೆ ಮಾತನ್ನೇ ಆಡುತ್ತಿದ್ದರು.

ಕಡೂರು ಮಳೆನೆರಳಿನ ಸೀಮೆ. ಅಲ್ಲಿನ ಬೇಸಗೆಯ ಗಾಳಿ ಒಣಗಾಳಿ. ಬೆವರು ಮೂಡಿದೊಡನೆ ಆವಿಯಾಗಿ, ಮೈಯ ಶಾಖವನ್ನೂ ತನ್ನೊಡನೆ ಒಯ್ಯುತ್ತದೆ. ಕಡಲ ತೀರದ ಗಾಳಿಯಲ್ಲಾದರೋ ನೀರಾವಿ ಮೊದಲೇ ತುಂಬಿರುವುದರಿಂದ ಬೆವರು ಆರದು, ಬರಿದೆ ಸುರಿಯುವುದು. ಈ ಹವೆಗೆ ದೇಹವು ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಅಷ್ಟರಲ್ಲಿ ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗನೆ ಮೂಡುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಎರಡೇ ದಿನದಲ್ಲಿ ಹೊರಟುಬಂದವನು ಕಷ್ಟದ ಪಾಲನ್ನು ಮಾತ್ರ ಉಂಡು ಬಂದನು!

ಕಡಲಿಗೂ ಹದಿನೈದು ದಿನದ ಲೆಕ್ಕವುಂಟು. ದಿನಕ್ಕೆ ಸಾಮಾನ್ಯವಾಗಿ ಎರಡು ಉಬ್ಬರ, ಎರಡು ಇಳಿತ. ಚಂದ್ರನು ಭೂಮಿಯನ್ನು ಸುತ್ತುತ್ತ ಮುಂದೆ ಸರಿಯುವುದರಿಂದ ಇವು ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತವೆ. ಇಂದು ಬೆಳಿಗ್ಗೆ 6 ಗಂಟೆಗೆ ಇಳಿತವಾಗಿದ್ದರೆ, ವಾರ ಕಳೆಯುವಷ್ಟರಲ್ಲಿ ಅದೇ ಹೊತ್ತಿಗೆ ನೀರು ಉಬ್ಬಿರುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ ಸೂರ್ಯಚಂದ್ರರ ಸೆಳೆತಗಳು ಒಂದುಗೂಡಿ ಏರಿಳಿತ ದೊಡ್ಡದಾಗುತ್ತದೆ. ಅಷ್ಟಮಿಯ ಸುಮಾರಿಗೆ ಸಣ್ಣದು. ಪಂಚಾಂಗ ನೋಡಬಲ್ಲವರಿಗೆ ಇದೇನೂ ಕಷ್ಟವಲ್ಲ.

ರವೀಂದ್ರನಾಥ ಠಾಕೂರರು 1880ರ ದಶಕದ ಆರಂಭದಲ್ಲಿ, ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿ ಕೆಲಕಾಲ ನೆಲಸಿದ್ದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಬರೆದುದು ಅಲ್ಲಿಯೇ. ಒಂದು ಬೆಳದಿಂಗಳ ರಾತ್ರಿ ಕಾಳೀ ನದಿಯಲ್ಲಿ ದೋಣಿಯೇರಿ ಹೋಗಿ ಮರಳುವಾಗ, ಕಡಲ ದಾರಿ ಹೊತ್ತು ಹಿಡಿಯುವುದೆಂದು ಅಳಿವೆಯಲ್ಲೇ ಇಳಿದು ಮರಳಿನ ಮೇಲೆ ನಡೆದು ಮನೆ ಸೇರಿದರಂತೆ. ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೊಳೆಯ ನೀರೂ ಉಬ್ಬರದ ನೀರೂ ಕೂಡಿ ಕಡಲಿಗೆ ಧಾವಿಸುತ್ತವೆ. ಅಲ್ಲಿ ಈಜತಕ್ಕದ್ದಲ್ಲ.

ಊರ ಕೆರೆಯಲ್ಲಿ ಈಜು ಕಲಿತವರು ಇನ್ನೊಂದನ್ನೂ ಅರಿತಿರಬೇಕು. ನಮ್ಮ ಮದಗದ ಕೆರೆ ಎಷ್ಟೇ ದೊಡ್ಡದಾಗಲಿ, ಅದು ನಿಂತ ನೀರು. ಕಡಲಿನಲ್ಲಿ ಅಲೆಗಳು ದಡಕ್ಕೆ ತಂದೊಗೆದ ನೀರು ಕೆಲವೆಡೆ ಕಿರಿದಾದ ಓಣಿಗಳಲ್ಲಿ ರಭಸದಿಂದ ಹಿಂದಕ್ಕೆ ಹರಿಯುತ್ತದೆ. ಅಲ್ಲಿ ಅಲೆ ಅಷ್ಟಾಗಿ ಒಡೆಯದು; ನೋಟಕ್ಕೆ ಶಾಂತ. ಹೊಸಬರು ಸ್ನಾನಕ್ಕೆ ಆರಿಸುವುದು ಇಂತಹ ಜಾಗವನ್ನೇ! ಸೆಳೆತಕ್ಕೆ ಸಿಕ್ಕಿದವನು ನೇರವಾಗಿ ದಡದ ಕಡೆಗೆ ಹೆಣಗಿದರೆ ಸೋಲುತ್ತಾನೆ. ದಡಕ್ಕೆ ಸಮಾಂತರವಾಗಿ ಪಕ್ಕಕ್ಕೆ ಈಜಿ, ಓಣಿಯಿಂದ ಹೊರಬಿದ್ದು, ಬಳಿಕ ದಡದತ್ತ ತಿರುಗಬೇಕು. ಆಗದಿದ್ದರೆ ತೇಲುತ್ತ ಕೈಯೆತ್ತಿ ಕೂಗಬೇಕು. ಮರಳು ಸರಿದಂತೆ ಈ ಓಣಿಗಳೂ ಸರಿಯುತ್ತವೆ. ಇಂದು ಅವು ಎಲ್ಲಿವೆಯೆಂಬುದನ್ನು ಅಲ್ಲಿನ ಮೀನುಗಾರರು ಬಲ್ಲರು. ಮೊದಲ ಮೂರು ದಿನ ನೀರಿಗಿಳಿಯದೆ ಅವರ ಬಳಿ ಕುಳಿತು ನೋಡುವಷ್ಟು ಬಿಡುವು, ಹದಿನೈದು ದಿನ ಉಳಿಯುವವನಿಗೆ ಮಾತ್ರ ಉಂಟು.

ಆದರೆ ಮೇ ತಿಂಗಳೊಳಗೆ ಹೋಗಿಬರಬೇಕು. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಂತ್ರದೋಣಿಗಳೇ ಮೀನುಗಾರಿಕೆಗೆ ಇಳಿಯುವಂತಿಲ್ಲ.